ಸಹ ಅಭ್ಯರ್ಥಿಯ ಆಯ್ಕೆ: ಮತಗಳ ಲೆಕ್ಕ ಮತ್ತು ಹೊಣೆಗಳ ಲೆಕ್ಕ

ಅಮೆರಿಕದ ಅಧ್ಯಕ್ಷ ಪದವಿಗೆ ಪಕ್ಷದ ಅಭ್ಯರ್ಥಿಯಾದವರು ಮತದಾನಕ್ಕೆ ಮುನ್ನ ಕೈಗೊಳ್ಳಬೇಕಾದ ಅತಿ ದೊಡ್ಡ ನಿರ್ಣಯವೆಂದರೆ ತಮ್ಮೊಡನೆ ಉಪಾಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸುವವರ ಆಯ್ಕೆ. ಅಲ್ಲಿನ ಮತದಾರರು ಇಬ್ಬರಿಗೂ ಸೇರಿಸಿ ಒಂದೇ ಮತವನ್ನು ಚಲಾಯಿಸುತ್ತಾರೆ. ಮುಂದಿನ ಚುನಾವಣೆ 2028ರ ನವೆಂಬರಿನಲ್ಲಿ ನಡೆಯಬೇಕಿದ್ದು, ಆಗಲೂ ಯಾವ ರಾಜ್ಯದವರು, ಯಾವ ಸಮುದಾಯದವರು, ಎಷ್ಟು ವಯಸ್ಸಿನವರು ಎಂಬ ಚರ್ಚೆಯೇ ಪತ್ರಿಕೆಗಳನ್ನು ತುಂಬಲಿದೆ. ಹೊಸ ಪಾಲುದಾರನನ್ನು ಅವನು ತರಬಹುದಾದ ಗಿರಾಕಿಗಳನ್ನಷ್ಟೇ ಎಣಿಸಿ ಸೇರಿಸಿಕೊಳ್ಳುವ ಕ್ರಮವಿದು. ಅನುಭವಸ್ಥ ವರ್ತಕನು ಮತ್ತೆರಡು ಪ್ರಶ್ನೆಗಳನ್ನು ಕೇಳದೆ ಬಿಡುವುದಿಲ್ಲ. ಇವನ ಹಿಂದಿನ ಹೊಣೆಗಳೇನು? ಹಿರಿಯ ಪಾಲುದಾರನಿಲ್ಲದ ದಿನ ತಿಜೋರಿಯ ಬೀಗದ ಕೈಯನ್ನು ಇವನಿಗೆ ಒಪ್ಪಿಸಬಹುದೇ?

ಎರಡನೆಯ ಪ್ರಶ್ನೆ ಕೇವಲ ಊಹೆಯದಲ್ಲ. ಈವರೆಗೆ ಆ ಪದವಿಯನ್ನು ಅಲಂಕರಿಸಿದ 45 ವ್ಯಕ್ತಿಗಳಲ್ಲಿ 9 ಮಂದಿ ಉಪಾಧ್ಯಕ್ಷರಾಗಿದ್ದು, ಅವಧಿಯ ನಡುವೆಯೇ ಅಧ್ಯಕ್ಷರಾದವರು. ಎಂಟು ಸಲ ಅಧ್ಯಕ್ಷರ ಮರಣದಿಂದ, ಒಂದು ಸಲ ರಾಜೀನಾಮೆಯಿಂದ. ಐದರಲ್ಲಿ ಒಂದು ಪಾಲಿನಷ್ಟು ಸಂಭವವಿರುವ ಹೊಣೆಯನ್ನು ಯಾವ ಲೆಕ್ಕಪರಿಶೋಧಕನೂ ಅಡಿಟಿಪ್ಪಣಿಗೆ ತಳ್ಳಲಾರ.

ಮತಗಳ ಲೆಕ್ಕ ಒಮ್ಮೊಮ್ಮೆ ಫಲಿಸಿದ್ದುಂಟು. 1960ರಲ್ಲಿ ಜಾನ್ ಕೆನಡಿಯವರು ಟೆಕ್ಸಾಸಿನ ಲಿಂಡನ್ ಜಾನ್ಸನ್‌ರನ್ನು ಜೊತೆಗೆ ತೆಗೆದುಕೊಂಡರು. ಆ ರಾಜ್ಯದ 24 ಎಲೆಕ್ಟೊರಲ್ ಮತಗಳು ಸುಮಾರು 46 ಸಾವಿರ ಮತಗಳ ಅಂತರದಿಂದ ಅವರಿಗೆ ದೊರೆತವು. ಆದರೆ ಇದನ್ನು ನಿಯಮವೆಂದು ತಿಳಿಯಲಾಗದು. 2024ರ ಜುಲೈ 21ರಂದು ಜೋ ಬೈಡನ್ ಕಣದಿಂದ ಹಿಂದೆ ಸರಿದ ಮೇಲೆ, ಕಮಲಾ ಹ್ಯಾರಿಸ್‌ರಿಗೆ ಈ ಆಯ್ಕೆಗೆ ದೊರೆತದ್ದು ಎರಡು ವಾರಗಳಿಗಿಂತ ತುಸು ಹೆಚ್ಚು ಕಾಲ. 19 ಮತಗಳ ಪೆನ್ಸಿಲ್ವೇನಿಯಾದ ಗವರ್ನರ್ ಜೋಶ್ ಶಪಿರೊ ಅವರನ್ನು ಬಿಟ್ಟು, 10 ಮತಗಳ ಮಿನ್ನೆಸೋಟಾದ ಟಿಮ್ ವಾಲ್ಜ್‌ರನ್ನು ಅವರು ಆರಿಸಿಕೊಂಡರು. ಪೆನ್ಸಿಲ್ವೇನಿಯಾ ಕೈತಪ್ಪಿದಾಗ ಈ ಆಯ್ಕೆಯನ್ನೇ ದೂರಿದವರು ಹಲವರು. ಕೂಡಿ ನೋಡಿದರೆ ಚಿತ್ರ ಬೇರೆ. ಹ್ಯಾರಿಸ್‌ರಿಗೆ ಬಂದದ್ದು 226. ಆ 19 ಸೇರಿದ್ದರೂ 245. ಗೆಲುವಿಗೆ ಬೇಕಾದದ್ದು 270.

2000ದಲ್ಲಿ ಜಾರ್ಜ್ ಬುಷ್ ಆರಿಸಿದ ಡಿಕ್ ಚೆನಿ ಅವರ ವ್ಯೋಮಿಂಗ್‌ಗೆ ಇದ್ದದ್ದು ಬರೀ 3 ಮತ. ಅದೂ ಹೇಗಿದ್ದರೂ ಬುಷ್ ಪಕ್ಷಕ್ಕೆ ಬರುವಂಥದೇ. ಸಹ ಅಭ್ಯರ್ಥಿಯನ್ನು ಹುಡುಕಿಕೊಡುವ ಕಾರ್ಯದ ಮುಖ್ಯಸ್ಥರಾಗಿದ್ದವರೂ ಈ ಚೆನಿಯವರೇ! ಇತರರ ಪೂರ್ವಾಪರಗಳನ್ನು ಕೂಲಂಕಷವಾಗಿ ಪರಿಶೀಲಿಸಿ, ಕೊನೆಗೆ ತಾವೇ ಆಯ್ಕೆಗೊಂಡರು. ಲೆಕ್ಕ ತಪಾಸಣೆಗೆ ಬಂದವನು ಪಾಲುದಾರನಾಗಿ ಕುಳಿತುಕೊಳ್ಳುವುದನ್ನು ನಮ್ಮ ಲೆಕ್ಕಪರಿಶೋಧಕರ ನೀತಿಸಂಹಿತೆ ಒಪ್ಪುವುದಿಲ್ಲ. ರಾಜಕಾರಣಕ್ಕೆ ಅಂಥ ಸಂಹಿತೆಯಿಲ್ಲ.

ಹಿಂದಿನ ಹೊಣೆಗಳನ್ನು ಪರಿಶೀಲಿಸದಿದ್ದರೆ ತೆರಬೇಕಾದ ಬೆಲೆ ಮಾತ್ರ ಹೆಚ್ಚು ನಿಶ್ಚಿತವಾದದ್ದು. 1972ರ ಜುಲೈನಲ್ಲಿ ಜಾರ್ಜ್ ಮೆಕ್‌ಗವರ್ನ್ ಅವರು ಪಕ್ಷದ ಸಮಾವೇಶದ ಗಡಿಬಿಡಿಯಲ್ಲಿ, ಹಲವರು ನಿರಾಕರಿಸಿದ ಬಳಿಕ, ಸಣ್ಣದೊಂದು ದೂರವಾಣಿ ಸಂಭಾಷಣೆಯಲ್ಲಿ ಸೆನೆಟರ್ ಥಾಮಸ್ ಈಗಲ್ಟನ್‌ರನ್ನು ನಿಗದಿಪಡಿಸಿದರು. ಖಿನ್ನತೆಗಾಗಿ ಈಗಲ್ಟನ್ ಮೂರು ಬಾರಿ ಆಸ್ಪತ್ರೆ ಸೇರಿದ್ದ ಸಂಗತಿ ಕೆಲವೇ ದಿನಗಳಲ್ಲಿ ಹೊರಬಿತ್ತು. ಹದಿನೆಂಟನೆಯ ದಿನ ಅವರು ಕಣದಿಂದ ನಿರ್ಗಮಿಸಬೇಕಾಯಿತು. ಕಾಯಿಲೆ ಅಪರಾಧವಲ್ಲ, ಮೊದಲೇ ತಿಳಿದಿದ್ದರೆ ಪಕ್ಷ ಅದನ್ನು ಸಮರ್ಥಿಸಿಕೊಳ್ಳಲೂಬಹುದಿತ್ತು. ಕೇಳಬೇಕಾದವರು ಸರಿಯಾಗಿ ಕೇಳಲಿಲ್ಲ, ಹೇಳಬೇಕಾದವರು ಹೇಳಲಿಲ್ಲ. ಈ ಪಾಠವನ್ನು ಕಲಿತ ಜಿಮ್ಮಿ ಕಾರ್ಟರ್ 1976ರಲ್ಲಿ ಪ್ರಶ್ನಾವಳಿ, ದಾಖಲೆ ಪರಿಶೀಲನೆ, ಮುಖಾಮುಖಿ ಸಂದರ್ಶನಗಳ ಕ್ರಮಬದ್ಧ ಪದ್ಧತಿಯನ್ನು ತಂದರು. ಇಂದಿನ ಪದ್ಧತಿಗೆ ಅದೇ ಮೂಲ.

ಆದಾಗ್ಯೂ 1984ರಲ್ಲಿ ಪ್ರಮುಖ ಪಕ್ಷವೊಂದರ ಮೊದಲ ಮಹಿಳಾ ಉಪಾಧ್ಯಕ್ಷ ಅಭ್ಯರ್ಥಿ ಜೆರಾಲ್ಡಿನ್ ಫೆರಾರೊ ಅವರಿಗೆ ಮುಳುವಾದದ್ದು ತೆರಿಗೆಯ ಕಾಗದಪತ್ರಗಳೇ. ಅವರ ಪತಿ ನ್ಯೂಯಾರ್ಕಿನಲ್ಲಿ ಸ್ಥಿರಾಸ್ತಿ ವ್ಯವಹಾರ ನಡೆಸುತ್ತಿದ್ದರು. ಪತಿಯ ತೆರಿಗೆ ವಿವರಗಳನ್ನು ಬಹಿರಂಗಪಡಿಸುವುದಿಲ್ಲವೆಂದು ಮೊದಲು ಹೇಳಿ, ಒತ್ತಡ ಹೆಚ್ಚಿದ ಮೇಲೆ ಆಗಸ್ಟಿನಲ್ಲಿ ಪ್ರಕಟಿಸಿದರು. ಸುಮಾರು 53 ಸಾವಿರ ಡಾಲರ್ ಬಾಕಿ ತೆರಿಗೆಯನ್ನು ಕಟ್ಟಬೇಕಾಯಿತು. ಅದಕ್ಕೆ ನೀಡಲಾದ ಕಾರಣ, ಅಕೌಂಟೆಂಟರ ತಪ್ಪು! ಈ ಸಮಜಾಯಿಷಿ ಎಲ್ಲ ದೇಶಗಳಲ್ಲಿಯೂ ಚಲಾವಣೆಯಲ್ಲಿರುವಂತೆ ಕಾಣುತ್ತದೆ.

ಸ್ಪೈರೊ ಆಗ್ನ್ಯೂ ಅವರ ಪ್ರಕರಣ ಇದಕ್ಕಿಂತ ಘೋರವಾದದ್ದು. ಮೇರಿಲ್ಯಾಂಡ್ ಗವರ್ನರ್ ಆಗಿದ್ದ ಇವರು ದಕ್ಷಿಣದ ಮತದಾರರಿಗೂ ಒಪ್ಪಿಗೆಯಾದಾರೆಂಬ ಲೆಕ್ಕದಲ್ಲಿ 1968ರಲ್ಲಿ ರಿಚರ್ಡ್ ನಿಕ್ಸನ್‌ರ ಜೊತೆಗಾರರಾದರು. ಗುತ್ತಿಗೆದಾರರಿಂದ ಹಣ ಪಡೆದ ಆರೋಪಗಳ ತನಿಖೆ ನಡೆದು, 1973ರ ಅಕ್ಟೋಬರ್ 10ರಂದು ಪದತ್ಯಾಗ ಮಾಡಿದರು. 1967ರ ಆದಾಯದ ತೆರಿಗೆ ವಂಚನೆಯ ಆರೋಪವನ್ನು ನ್ಯಾಯಾಲಯದಲ್ಲಿ ಅವರು ಪ್ರತಿವಾದಿಸಲಿಲ್ಲ. 10 ಸಾವಿರ ಡಾಲರ್ ದಂಡ ಬಿತ್ತು. ಹತ್ತೇ ತಿಂಗಳಲ್ಲಿ ನಿಕ್ಸನ್ ಸ್ವತಃ ರಾಜೀನಾಮೆಯಿತ್ತರು. ತನಿಖೆ ಒಂದು ವರ್ಷ ತಡವಾಗಿದ್ದಲ್ಲಿ ದೇಶದ ಅಧ್ಯಕ್ಷ ಪೀಠ ಆಗ್ನ್ಯೂ ಅವರಿಗೆ ಸಲ್ಲುತ್ತಿತ್ತು.

ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಇಡಬೇಕಾದ ಹೆಸರು ಹ್ಯಾರಿ ಟ್ರೂಮನ್‌ರದು. 1919ರಲ್ಲಿ ಅವರು ಸೇನೆಯ ಗೆಳೆಯನೊಬ್ಬನ ಪಾಲುದಾರಿಕೆಯಲ್ಲಿ ಕನ್ಸಾಸ್ ಸಿಟಿಯಲ್ಲಿ ಗಂಡಸರ ಅಂಗಿ, ಟೈ, ಟೋಪಿಗಳ ಮಳಿಗೆ ತೆರೆದರು. ಮುಗ್ಗಟ್ಟು ಬಂದು ದಾಸ್ತಾನಿನ ಬೆಲೆ ಕುಸಿಯಿತು. 1922ರಲ್ಲಿ ಬಾಗಿಲು ಮುಚ್ಚಿತು. ಪಾಲುದಾರ ಮುಂದೆ ದಿವಾಳಿ ಘೋಷಿಸಿಕೊಂಡರೂ ಟ್ರೂಮನ್ ಒಪ್ಪಲಿಲ್ಲ. ಸಾಲವನ್ನು ವರ್ಷಗಟ್ಟಲೆ ತೀರಿಸುತ್ತ ಬಂದರು. ಸೆನೆಟರ್ ಆದ ಮೇಲೆ 1941ರಿಂದ ಯುದ್ಧಸಾಮಗ್ರಿ ಗುತ್ತಿಗೆಗಳಲ್ಲಿನ ದುಂದನ್ನು ಪತ್ತೆಹಚ್ಚುವ ಸಮಿತಿಯ ಅಧ್ಯಕ್ಷರಾಗಿ ಹೆಸರು ಗಳಿಸಿದರು. 1944ರಲ್ಲಿ ಫ್ರಾಂಕ್ಲಿನ್ ರೂಸ್ವೆಲ್ಟ್‌ರ ಆರೋಗ್ಯ ಹದಗೆಟ್ಟಿರುವುದನ್ನು ಬಲ್ಲ ಪಕ್ಷದ ಮುಖಂಡರು, ಆರಿಸುತ್ತಿರುವುದು ಮುಂದಿನ ಅಧ್ಯಕ್ಷರನ್ನೇ ಎಂಬ ಅರಿವಿನಿಂದ ಹೆಸರುಗಳನ್ನು ತೂಗಿದರು. ಆಗಿನ ಉಪಾಧ್ಯಕ್ಷ ಹೆನ್ರಿ ವಾಲೆಸ್ ದಕ್ಷಿಣದವರಿಗೆ ಒಗ್ಗದವರು. ಜೇಮ್ಸ್ ಬರ್ನ್ಸ್ ಕಾರ್ಮಿಕ ಸಂಘಗಳಿಗೆ ಬೇಡವಾದವರು. ಯಾರ ಬಲವಾದ ವಿರೋಧವೂ ಇಲ್ಲದೆ ಉಳಿದವರು ಟ್ರೂಮನ್. ಉಪಾಧ್ಯಕ್ಷರಾಗಿ ಮೂರು ತಿಂಗಳು ತುಂಬುವ ಮೊದಲೇ, 1945ರ ಏಪ್ರಿಲ್ 12ರಂದು, ಅಧ್ಯಕ್ಷ ಪದವಿಯ ಪ್ರಮಾಣವಚನ ಸ್ವೀಕರಿಸಿದರು. ಅಣುಬಾಂಬ್ ಯೋಜನೆಯ ಪೂರ್ಣ ವಿವರ ಅವರಿಗೆ ತಿಳಿದದ್ದು ಆ ನಂತರವೇ! ಆಯ್ಕೆ ಸರಿಯಾಗಿದ್ದರೂ, ಆಯ್ಕೆಯಾದವರನ್ನು ಹೊಣೆಗೆ ಸಿದ್ಧಗೊಳಿಸುವ ಕೆಲಸ ನಡೆದಿರಲಿಲ್ಲ.

ಅಧ್ಯಕ್ಷರು ಆರೋಗ್ಯವಾಗಿದ್ದ ಕಾಲದಲ್ಲಿಯೂ ಉಪಾಧ್ಯಕ್ಷರ ಕೈಯಲ್ಲಿ ಒಂದು ಅಧಿಕಾರವುಂಟು. ಸೆನೆಟಿನಲ್ಲಿ ಮತಗಳು ಸಮವಾದಾಗ ನಿರ್ಣಾಯಕ ಮತ ಅವರದು. 2003ರಲ್ಲಿ ಡಿವಿಡೆಂಡ್ ಮತ್ತು ಬಂಡವಾಳ ಲಾಭದ ತೆರಿಗೆಯನ್ನು ಇಳಿಸಿದ ಮಸೂದೆ ಚೆನಿಯವರ ಮತದಿಂದ 51–50ರಲ್ಲಿ ತೇರ್ಗಡೆಯಾಯಿತು. 2022ರಲ್ಲಿ ಬೃಹತ್ ಕಂಪನಿಗಳ ಮೇಲೆ ಶೇ. 15ರ ಕನಿಷ್ಠ ತೆರಿಗೆ ವಿಧಿಸಿದ ಮಸೂದೆಗೆ ಹ್ಯಾರಿಸ್‌ರ ಮತ ಒದಗಿತು. 2025ರ ಜುಲೈ 1ರಂದು ಜೆ. ಡಿ. ವ್ಯಾನ್ಸ್‌ರ ಮತದಿಂದ ಅಷ್ಟೇ ಅಂತರದಲ್ಲಿ ಗೆದ್ದ ತೆರಿಗೆ ಮಸೂದೆಯಲ್ಲಿ, ಅಲ್ಲಿಂದ ಹೊರದೇಶಗಳಿಗೆ ನಗದು ಮೂಲಕ ಕಳುಹಿಸುವ ಹಣದ ಮೇಲೆ ಶೇ. 1ರ ಸುಂಕವೂ ಸೇರಿದ್ದು, 2026ರ ಜನವರಿ 1ರಿಂದ ಅನ್ವಯಿಸುತ್ತದೆ. ಅಲ್ಲಿರುವ ಮಕ್ಕಳು ಬ್ಯಾಂಕ್ ಖಾತೆಯಿಂದ ಊರಿಗೆ ಕಳುಹಿಸುವ ಹಣಕ್ಕೆ ಈ ಸುಂಕ ತಗಲುವುದಿಲ್ಲ.