ಚಂಚಲ ನಕ್ಷತ್ರಗಳೂ ಹುಸಿ ಆವರ್ತಗಳೂ

ನಕ್ಷತ್ರಗಳೆಲ್ಲವೂ ಎಂದೆಂದಿಗೂ ಒಂದೇ ಸಮನಾಗಿ ಬೆಳಗುವುವೆಂದು ಜನರು ನಂಬಿದ್ದ ಕಾಲವೊಂದಿದ್ದಿತು. 1783ನೆಯ ಇಸವಿಯಲ್ಲಿ ಇಂಗ್ಲೆಂಡಿನ ಯಾರ್ಕ್ ಪಟ್ಟಣದ ಜಾನ್ ಗುಡ್‌ರಿಕ್ ಎಂಬ ಕಿವುಡ ತರುಣನು, ಆಲ್ಗಾಲ್ ನಕ್ಷತ್ರವು ಸುಮಾರು 2 ದಿನ 20 ಘಂಟೆ 49 ನಿಮಿಷಗಳಿಗೊಮ್ಮೆ ಮಂಕಾಗಿ ಮರಳಿ ಬೆಳಗುವುದೆಂದು ವಿದ್ವಾಂಸರಿಗೆ ತಿಳಿಸಿದನು. ಆಗ ಅವನಿಗೆ ಇಪ್ಪತ್ತು ವರ್ಷವೂ ತುಂಬಿರಲಿಲ್ಲ. ಈ ವಿದ್ಯೆಯಲ್ಲಿ ನಮ್ಮವರೇನೂ ಹಿಂದುಳಿದವರಲ್ಲ. ಮದರಾಸು ವೇಧಶಾಲೆಯ ಚಿಂತಾಮಣಿ ರಘುನಾಥಾಚಾರ್ಯರು 1867ರಲ್ಲಿ ದಕ್ಷಿಣಾಕಾಶದ ಆರ್ ರೆಟಿಕ್ಯುಲಿ ಎಂಬ ನಕ್ಷತ್ರದ ಚಾಂಚಲ್ಯವನ್ನು ಕಂಡುಹಿಡಿದರು. ಪಂಚಾಂಗಕರ್ತರ ಮನೆತನದಲ್ಲಿ ಹುಟ್ಟಿದ ಈ ಮಹನೀಯರ ಹೆಸರನ್ನು ನಮ್ಮ ಪಾಠಶಾಲೆಗಳ ಹುಡುಗರು ಅರಿಯದಿರುವುದು ಶೋಚನೀಯವಾದ ಸಂಗತಿ.

ಕಾಂತಿಯು ಬದಲಾಗುವುದೆಂದು ಕಣ್ಣಿಗೆ ಕಂಡರೆ ಸಾಲದು. ಎಷ್ಟು ಕಾಲಕ್ಕೊಮ್ಮೆ ಬದಲಾಗುವುದೆಂದು ಗೊತ್ತುಮಾಡಬೇಕು. ತೊಡಕಿರುವುದು ಅಲ್ಲಿಯೇ. ಹಗಲಿನಲ್ಲಿ ನಕ್ಷತ್ರಗಳು ಕಾಣವು. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಮೋಡ. ವರ್ಷದಲ್ಲಿ ಕೆಲವು ಕಾಲ ಸೂರ್ಯನೇ ಅಡ್ಡ ಬರುವನು. ಹೀಗೆ ಹರಕು ಹರಕಾದ ಲೆಕ್ಕದಿಂದ ಆವರ್ತಕಾಲವನ್ನು ಹೆಕ್ಕಬೇಕಾಗಿದೆ.

ಇದರ ಮೊದಲನೆಯ ಉಪಾಯವು ನಮ್ಮ ಜೋಯಿಸರಿಗೆ ಹೊಸದಲ್ಲ. ಅಹರ್ಗಣವನ್ನು 7ರಿಂದ ಭಾಗಿಸಿ, ಲಬ್ಧವನ್ನು ಬಿಟ್ಟು, ಶೇಷದಿಂದ ವಾರವನ್ನು ತಿಳಿಯುವ ಕ್ರಮವನ್ನು ಅವರು ಬಲ್ಲರು. ಇಲ್ಲಿಯೂ ಹಾಗೆಯೇ. ಒಂದು ಅವಧಿಯನ್ನು ಊಹಿಸಿ, ಪ್ರತಿಯೊಂದು ವೇಧದ ಕಾಲವನ್ನೂ ಅದರಿಂದ ಭಾಗಿಸಿ, ಶೇಷದ ಅನುಕ್ರಮದಲ್ಲಿ ಕಾಂತಿಗಳನ್ನು ಗುರುತುಹಾಕುವರು. ಊಹೆಯು ಸರಿಯಾಗಿದ್ದರೆ ಚುಕ್ಕೆಗಳು ನಯವಾದ ಒಂದು ರೇಖೆಯಲ್ಲಿ ನಿಲ್ಲುವುವು. ತಪ್ಪಾಗಿದ್ದರೆ ಚೆಲ್ಲಿದ ರಾಗಿಯಂತೆ ಚದರುವುವು. ಆ ಚದರಿಕೆಯನ್ನು ಅಳೆದು, ಅದು ಅತ್ಯಲ್ಪವಾಗಿರುವ ಅವಧಿಯನ್ನು ಆರಿಸುವ ಗಣಿತವನ್ನು 1978ರಲ್ಲಿ ಸ್ಟೆಲಿಂಗ್‌ವರ್ಫ್ ಎಂಬವನು ಕ್ರಮಪಡಿಸಿದನು.

ಆದರೆ ಹುಡುಕುವವನಿಗೆ ಏನಾದರೊಂದು ಸಿಕ್ಕಿಯೇ ಸಿಕ್ಕುವುದು. ಒಂದಕ್ಕೊಂದು ಸಂಬಂಧವಿಲ್ಲದ ಹತ್ತು ಸಾವಿರ ಅವಧಿಗಳನ್ನು ಪರೀಕ್ಷಿಸಿದರೆ, ಸಾವಿರಕ್ಕೊಂದು ಪಾಲು ಮಾತ್ರ ಸಂಭವವುಳ್ಳ ಹೊಂದಾಣಿಕೆಯು ಸರಾಸರಿ ಹತ್ತು ಸಲ ಬರಿಯ ಆಕಸ್ಮಿಕದಿಂದಲೇ ದೊರೆಯುವುದು. ಇದನ್ನು ಮೊದಲು ಗಟ್ಟಿಯಾಗಿ ಎತ್ತಿ ಹೇಳಿದವರಲ್ಲಿ ಮ್ಯಾಂಚೆಸ್ಟರಿನ ಆರ್ಥರ್ ಶುಸ್ಟರ್ ಪಂಡಿತನು ಒಬ್ಬನು. ಭೂಕಂಪಗಳು ಚಂದ್ರನ ಗತಿಯನ್ನು ಅನುಸರಿಸುವುವೆಂಬ ವಾದವನ್ನು 1897ರಲ್ಲಿ ಶೋಧಿಸಿ, ಅದಕ್ಕೆ ತಕ್ಕ ಆಧಾರವಿಲ್ಲವೆಂದು ತೋರಿಸಿದನು. ಮರುವರ್ಷ ಪಿರಿಯಡೋಗ್ರಾಂ ಎಂಬ ಸಾಧನವನ್ನು ಮುಂದಿಟ್ಟನು. ಸಮನಾದ ಅಂತರವಿಲ್ಲದ ವೇಧಗಳಿಗೆ ಅದನ್ನು ಹೊಂದಿಸಿದವನು ಲೊಂಬ್ (1976). ಆಕಸ್ಮಿಕದ ಪಾಲೆಷ್ಟೆಂದು ತೂಗುವ ನಿಯಮವನ್ನು ಸ್ಪಷ್ಟಪಡಿಸಿದವನು ಸ್ಕಾರ್ಗಲ್ (1982). ಸುಲಭವಾದ ಪರೀಕ್ಷೆಯೊಂದೂ ಉಂಟು: ವೇಧದ ಕಾಲಗಳನ್ನು ಇದ್ದಂತೆಯೇ ಇಟ್ಟು, ಕಾಂತಿಗಳನ್ನು ಮಾತ್ರ ಇಸ್ಪೀಟು ಎಲೆಗಳಂತೆ ಕಲಸಿ, ಮತ್ತೆ ಮತ್ತೆ ಹುಡುಕುವುದು. ಕಲಸಿದ ಲೆಕ್ಕದಲ್ಲಿಯೂ ಅಷ್ಟೇ ಅಂದವಾದ ಆವರ್ತವು ಪದೇ ಪದೇ ಬಂದರೆ ಮೊದಲು ಕಂಡದ್ದಕ್ಕೆ ಬೆಲೆಯಿಲ್ಲ. ಮಳೆಯ ಪಟ್ಟಿಗಳಲ್ಲಿಯೂ ಧಾರಣೆಯ ಪಟ್ಟಿಗಳಲ್ಲಿಯೂ ಚಕ್ರಗಳನ್ನು ಕಂಡು ವರದಿ ಬರೆಯುವ ನಮ್ಮ ಅಧಿಕಾರಿಗಳು ಈ ಪರೀಕ್ಷೆಯನ್ನು ಒಮ್ಮೆ ನಡೆಸಿ ನೋಡಬೇಕೆಂದು ನಮ್ಮ ಬಿನ್ನಹ.

ಇನ್ನೊಂದು ಮೋಸವು ಇದಕ್ಕಿಂತಲೂ ಸೂಕ್ಷ್ಮವಾದುದು; ಕಲಸುವ ಪರೀಕ್ಷೆಗೂ ಸಿಕ್ಕದು. ದಿನಕ್ಕೆ 5 ನಿಮಿಷ ಮುಂದೆ ಓಡುವ ಗಡಿಯಾರವನ್ನು ಪ್ರತಿದಿನವೂ ಬೆಳಗ್ಗೆ ಸರಿಯಾಗಿ 8 ಘಂಟೆಗೆ ಒಮ್ಮೆ ಮಾತ್ರ ನೋಡುವವನೊಬ್ಬನಿರುವನೆನ್ನೋಣ. ನಿಮಿಷದ ಮುಳ್ಳು 12 ದಿನಗಳಿಗೊಮ್ಮೆ ಸುತ್ತು ಬರುವುದೆಂದು ಅವನು ಪ್ರಮಾಣಮಾಡಿ ಹೇಳುವನು. ಅವನ ಲೆಕ್ಕದಲ್ಲಿ ದೋಷವಿಲ್ಲ. ನೋಡುವ ಹೊತ್ತಿನಲ್ಲಿದೆ ದೋಷ. ಆರ್‌ಆರ್ ಲೈರೇ ಎಂಬ ನಕ್ಷತ್ರದ ನಿಜವಾದ ಆವರ್ತವು 0.567 ದಿನ, ಎಂದರೆ ಸುಮಾರು ಹದಿಮೂರೂವರೆ ಘಂಟೆ. ಅದನ್ನು ರಾತ್ರಿಗೊಮ್ಮೆ ಒಂದೇ ಹೊತ್ತಿನಲ್ಲಿ ನೋಡಿದರೆ 1.31 ದಿನವೂ 4.24 ದಿನವೂ ಅಷ್ಟೇ ಚೆನ್ನಾಗಿ ಒಪ್ಪುವುವು.

ಒಪ್ಪಿದರೆ ಬಂದ ನಷ್ಟವೇನೆಂದು ಕೇಳಬಹುದು. ಸೆಫಿಡ್ ಎಂಬ ಜಾತಿಯ ನಕ್ಷತ್ರಗಳಲ್ಲಿ ಆವರ್ತವು ದೀರ್ಘವಾದಷ್ಟೂ ನಿಜಕಾಂತಿಯು ಹೆಚ್ಚೆಂದು ಹಾರ್ವರ್ಡಿನ ಹೆನ್ರಿಯೆಟಾ ಲೆವಿಟ್ ಎಂಬ ಮಹಿಳೆಯು 1912ರಲ್ಲಿ 25 ನಕ್ಷತ್ರಗಳ ಲೆಕ್ಕದಿಂದ ಸ್ಥಾಪಿಸಿದಳು. ನಿಜಕಾಂತಿ ತಿಳಿದರೆ ದೂರವು ತಿಳಿಯುವುದು. ಆಕಾಶದ ದೂರಗಳನ್ನು ಅಳೆಯುವ ಮುಖ್ಯವಾದ ಕೋಲು ಅದೇ. 4.24 ದಿನದ ಹುಸಿ ಆವರ್ತವನ್ನು ನಂಬಿ ಆರ್‌ಆರ್ ಲೈರೇ ಜಾತಿಯ ನಕ್ಷತ್ರವನ್ನು ಸೆಫಿಡ್ ಎಂದೆಣಿಸಿದರೆ, ಅದರ ದೂರವು ಇದ್ದುದಕ್ಕಿಂತ ಐದು ಪಾಲಿಗೂ ಮಿಕ್ಕಿ ತೋರುವುದು.

2009ರಲ್ಲಿ ಅಂತರಿಕ್ಷಕ್ಕೇರಿದ ಕೆಪ್ಲರ್ ದೂರದರ್ಶಕಕ್ಕೆ ಹಗಲುರಾತ್ರಿಗಳ ತಡೆಯಿರಲಿಲ್ಲ. ನೆಲದ ಮೇಲಿರುವವರಿಗೆ ಆ ಭಾಗ್ಯವಿಲ್ಲ. ಒಂದೇ ರಾತ್ರಿಯಲ್ಲಿ ಬೇರೆ ಬೇರೆ ಹೊತ್ತಿಗೆ ನೋಡುವುದು, ದೂರದೂರದ ರೇಖಾಂಶಗಳಲ್ಲಿರುವ ವೇಧಶಾಲೆಗಳು ಸರದಿಯಂತೆ ಒಂದೇ ನಕ್ಷತ್ರವನ್ನು ಕಾಯುವುದು, ಇವೇ ಮದ್ದು. ಆಸ್ಟ್ರೇಲಿಯಕ್ಕೂ ಆಫ್ರಿಕಕ್ಕೂ ನಡುವಣ ಹೊತ್ತನ್ನು ತುಂಬಲು ಭಾರತದ ರೇಖಾಂಶವು ಅನುಕೂಲವಾಗಿದೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು ನಡೆಸುವ ಕಾವಲೂರಿನ ವೇಧಶಾಲೆಯು ಅದೇ ರೇಖಾಂಶದಲ್ಲಿ, ತಮಿಳುನಾಡಿನ ಜವ್ವಾದಿ ಬೆಟ್ಟಗಳ ಮೇಲಿದೆ.