ಮಗಳಿಗಾಗಿ ತಾಯಿಗೆ ಬರೆದ ಸಸ್ಯಪತ್ರಗಳು

ಮಕ್ಕಳಿಗೆ ಗಿಡಬಳ್ಳಿಗಳ ಕುಲಗೋತ್ರಗಳನ್ನು ಪರಿಚಯಿಸುವ ವಿದ್ಯೆಗೆ ಯೂರೋಪಿನಲ್ಲಿ ದೊರೆತ ಅತ್ಯಂತ ರಮ್ಯವಾದ ಗ್ರಂಥವು ಗ್ರಂಥವಾಗಲೆಂದು ಹುಟ್ಟಿದುದೇ ಅಲ್ಲ. ಲಿಯಾನ್ ನಗರದ ಶ್ರೀಮತಿ ದೆಲೆಸೇರ್ ತನ್ನ ಪುಟ್ಟ ಮಗಳ ಚಂಚಲ ಮನಸ್ಸನ್ನು ಸಸ್ಯಗಳ ಕಡೆಗೆ ತಿರುಗಿಸಬೇಕೆಂದು ಬಯಸಲಾಗಿ, ಪ್ಯಾರಿಸ್ಸಿನಲ್ಲಿ ಸಂಗೀತಲಿಪಿಯನ್ನು ನಕಲು ಮಾಡಿ ಜೀವಿಸುತ್ತಿದ್ದ ತತ್ತ್ವಜ್ಞಾನಿ ರೂಸೋ 1771ರಿಂದ ಮೊದಲ್ಗೊಂಡು ಆಕೆಗೆ ಬರೆದ ಎಂಟು ಪತ್ರಗಳೇ ಅದು.

ಆ ವೇಳೆಗೆ ಸ್ವೀಡನ್ನಿನ ಲಿನೇಯಸ್, ಮುಖ್ಯವಾಗಿ ಕೇಸರಗಳನ್ನು ಎಣಿಸಿ ಸಸ್ಯಲೋಕವನ್ನು 24 ವರ್ಗಗಳಾಗಿ ವಿಂಗಡಿಸಿ, 1753ರಲ್ಲಿ ಪ್ರತಿಯೊಂದು ಜಾತಿಗೂ ಎರಡೇ ಪದಗಳ ಹೆಸರನ್ನು ಗೊತ್ತುಮಾಡಿದ್ದನು. ರೂಸೋ ಆತನಲ್ಲಿ ಅಪಾರ ಭಕ್ತಿಯುಳ್ಳವನು. ಆದರೂ ನಾಮಾವಳಿಯ ಕಂಠಪಾಠದಿಂದ ಪಾಠವನ್ನಾರಂಭಿಸಲು ಒಪ್ಪಲಿಲ್ಲ. ಕಣ್ಣು ಮೊದಲು, ಹೆಸರು ಆಮೇಲೆ ಎಂಬುದು ಆತನ ಕ್ರಮ. ನನಗೂ ಅದೇ ಸರಿಯೆಂದು ತೋರುತ್ತದೆ.

ಲಿಲಿಯಿಂದ ತೊಡಗಿ ಪತ್ರಗಳಲ್ಲಿ ಸಸ್ಯವಂಶಗಳನ್ನು ಒಂದೊಂದಾಗಿ ಆತನು ಬಿಡಿಸಿಡುತ್ತಾನೆ. ಅವುಗಳಲ್ಲಿ ಬಟಾಣಿಯ ಹೂವಿನ ಪಾಠವು ನನಗೆ ಪರಮಪ್ರಿಯವಾದುದು: ಮೇಲೆ ಹರಡಿದ ಧ್ವಜದಳ, ಇಕ್ಕೆಲಗಳಲ್ಲಿ ರೆಕ್ಕೆದಳಗಳು, ಅವುಗಳ ನಡುವೆ ಮುಚ್ಚಿಕೊಂಡ ದೋಣಿದಳ, ಅದರ ಗರ್ಭದಲ್ಲಿ ಒಂಬತ್ತು ಕೂಡಿ ಒಂದು ಬೇರೆ ನಿಂತ ಹತ್ತು ಕೇಸರಗಳು, ಅವೆಲ್ಲದರ ಮಧ್ಯೆ ಗಾಳಿಮಳೆಗಳಿಂದ ರಕ್ಷಿತವಾದ ಎಳೆಗಾಯಿ. ಡೈಸಿಯಾದರೋ ಒಂದು ಹೂವಲ್ಲ, ನೂರಾರು ಕಿರುಹೂಗಳ ಸಮುದಾಯವೆಂದು ತಿಳಿದಾಗ ಯಾವ ಮಗುವಿಗೆ ತಾನೆ ವಿಸ್ಮಯವಾಗದು! ನಮ್ಮ ಸೇವಂತಿಗೆಯೂ ಅದೇ ವಂಶದ್ದು.

ಈ ಪಾಠದ ಸಾಮಗ್ರಿಗಾಗಿ ಕನ್ನಡ ನಾಡಿನ ತಾಯಂದಿರು ದೂರ ಹೋಗಬೇಕಾದುದಿಲ್ಲ. ಅಡಿಗೆಮನೆಯಲ್ಲಿ ಬೇರೆಬೇರೆ ಡಬ್ಬಿಗಳಲ್ಲಿರುವ ತೊಗರಿ, ಹೆಸರು, ಉದ್ದು, ಕಡಲೆಗಳೆಲ್ಲವೂ ಬಟಾಣಿಯ ಬಂಧುಗಳು. ಕೊತ್ತಂಬರಿ, ಜೀರಿಗೆ, ಓಮ, ಸಬ್ಬಸಿಗೆಗಳು ಒಂದೇ ಮನೆತನದವು. ನಾಲ್ಕೆಸಳಿನ ಸಾಸಿವೆಗೆ ಮೂಲಂಗಿಯೂ ಕೋಸೂ ದಾಯಾದಿಗಳು. ಹಿತ್ತಿಲಲ್ಲಿ ಹೂಬಿಟ್ಟ ತೊಗರಿಯ ಎಸಳುಗಳನ್ನು ಕೈಯಾರೆ ಬಿಡಿಸಿ, ಬಳಿಕ ಅವರೆಯ ಹೂವಿನಲ್ಲಿಯೂ ಅದೇ ಕಟ್ಟಡವನ್ನು ತಾನಾಗಿ ಕಂಡ ಮಗುವಿಗೆ ವರ್ಗೀಕರಣವೆಂದರೇನೆಂದು ಪ್ರತ್ಯೇಕವಾಗಿ ಹೇಳುವ ಅವಶ್ಯಕತೆಯೇ ಉಳಿಯದು.

ರೂಸೋ 1778ರಲ್ಲಿ ತೀರಿಕೊಂಡನು; ಪತ್ರಗಳು ಆಮೇಲೆ ಅಚ್ಚಾದವು. ಕೇಂಬ್ರಿಜ್ಜಿನ ಪ್ರಾಧ್ಯಾಪಕ ಥಾಮಸ್ ಮಾರ್ಟಿನ್ 1785ರಲ್ಲಿ ಅವನ್ನು ಇಂಗ್ಲಿಷಿಗೆ ತಂದು, ಲಿನೇಯಸನ ಪದ್ಧತಿಯನ್ನು ವಿವರಿಸುವ 24 ಪತ್ರಗಳನ್ನು ತಾನೇ ಬರೆದು ಸೇರಿಸಿದನು. ಇತ್ತ ದೆಲೆಸೇರ್ ಮನೆಯಲ್ಲಿ 1773ರಲ್ಲಿ ಹುಟ್ಟಿದ ಬೆಂಜಮಿನ್, ಆ ಪುಟ್ಟ ಹುಡುಗಿಯ ತಮ್ಮ, ಮುಂದೆ ಒಣಸಸ್ಯಗಳ ಮಹಾಸಂಗ್ರಹವೊಂದನ್ನು ಕೂಡಿಸಿ ವಿದ್ವಾಂಸರಿಗೆ ತೆರೆದಿಟ್ಟನು; ಆತನ ಮರಣಾನಂತರ ಅದು ರೂಸೋ ಹುಟ್ಟಿದ ಜಿನೀವಾ ನಗರಕ್ಕೆ ಸೇರಿತು.