ದೇಹ ಎರಡು ವರ್ಷ ಮೊದಲೇ ಹೇಳುತ್ತದೆ, ನಾವು ಹೇಳುವುದು ಯಾವಾಗ?

ಕಳೆದ ರಮಝಾನಿನ ಮಾತು. ತುಮಕೂರು ರಸ್ತೆಯ ಮಾಕಳಿಯಲ್ಲಿ ನಾವಿರುವ ಬೀದಿಯಲ್ಲೇ ಊರಿನ ಕಡೆಯ ಇನ್ನೊಂದು ಕುಟುಂಬ ಉಂಟು. ಉಪ್ಪನಿಗೆ ಬೇಕರಿ ಕೆಲಸ, ಮನೆಯಲ್ಲಿ ಉಮ್ಮ ಮತ್ತು ಇಬ್ಬರು ಮಕ್ಕಳು. ಹನ್ನೊಂದೂವರೆ ವರ್ಷದ ಮಗಳು ಹೊಟ್ಟೆನೋವು ಅಂತ ಎರಡು ದಿನ ಶಾಲೆಗೆ ಹೋಗಲಿಲ್ಲ. ಆದರೆ ಸಹರಿಗೆ ಎದ್ದಳು, ಉಪವಾಸವನ್ನೂ ಹಿಡಿದಳು. ಮೂರನೆಯ ದಿನ ಅಸರ್ ಹೊತ್ತಿಗೆ ತಲೆಸುತ್ತಿ ಕೂತಾಗಲೇ ಉಮ್ಮನಿಗೆ ವಿಷಯ ಗೊತ್ತಾದದ್ದು. ಮಗಳಿಗೆ ಮುಟ್ಟಾಗಿತ್ತು. ಹಳೆಯ ಶಾಲಿನ ತುಂಡನ್ನು ಮಡಚಿ ಇಟ್ಟುಕೊಂಡಿದ್ದಳು. ತನಗೆ ಏನೋ ದೊಡ್ಡ ಕಾಯಿಲೆ ಬಂದಿದೆ, ಹೇಳಿದರೆ ಬೈಗುಳ ಅಂತ ಹೆದರಿದ್ದಳು.

ಮುಟ್ಟಿನ ದಿನಗಳಲ್ಲಿ ಉಪವಾಸ ಇಲ್ಲ, ಆಮೇಲೆ ಖಝಾ ತೀರಿಸಿದರೆ ಸಾಕು ಎಂಬುದು ಆ ಮಗುವಿಗೆ ಗೊತ್ತಿರಲಿಲ್ಲ. "ಇಷ್ಟು ಬೇಗ ಆಗ್ತದೆ ಅಂತ ನಾನು ಎಣಿಸಿರ್ಲಿಲ್ಲ, ಮುಂದಿನ ವರ್ಷ ಹೇಳುವಾ ಅಂತ ಇದ್ದೆ" ಎಂದು ಉಮ್ಮ ಕಣ್ಣೊರೆಸಿಕೊಂಡರು. ಅವರನ್ನು ದೂರುವ ಹಕ್ಕು ನಮಗಿಲ್ಲ. ನಮ್ಮ ಮನೆಗಳಲ್ಲೂ ಈ ಮಾತು 'ಮುಂದಿನ ವರ್ಷ'ಕ್ಕೇ ಹೋಗುತ್ತಾ ಬಂದಿದೆ.

ಊರಿನಲ್ಲಿ ಅಜ್ಜಿ, ದೊಡ್ಡಮ್ಮ, ಮದುವೆಯಾದ ಅಕ್ಕ ಯಾರಾದರೂ ಒಬ್ಬರು ಕಿವಿಯಲ್ಲಿ ಹೇಳುತ್ತಿದ್ದರು. ಮಂಗಳೂರು, ಬಂಟ್ವಾಳ, ಪುತ್ತೂರು ಬಿಟ್ಟು ಬೆಂಗಳೂರಿನ ಬಾಡಿಗೆ ಮನೆಗೆ ಬಂದ ಮೇಲೆ ಆ ಕಿವಿಮಾತು ಊರಲ್ಲೇ ಉಳಿಯಿತು. ಹಳೆಯ ಕಾಲದಲ್ಲಿ ಎಲ್ಲವೂ ಸರಿ ಇತ್ತು ಅಂತಲೂ ಅಲ್ಲ. ಹುಡುಗಿ ದೊಡ್ಡವಳಾದಳು ಎಂದರೆ ಶಾಲೆ ಮುಗಿಯಿತು ಎಂದೇ ಅನೇಕ ಮನೆಗಳಲ್ಲಿ ಅರ್ಥ. 1936ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿದ ಲೇಖಕಿ ಸಾರಾ ಅಬೂಬಕ್ಕರ್, ಆ ಭಾಗದಲ್ಲಿ ಶಾಲೆ ಮುಗಿಸಿದ ಮೊದಲ ಕೆಲವೇ ಮುಸ್ಲಿಂ ಹುಡುಗಿಯರಲ್ಲಿ ಒಬ್ಬರು. ಅವರಿಗೂ ಮುಂದಿನ ಓದು ಸಿಗಲಿಲ್ಲ. ಇಂದು ನಮ್ಮ ಹೆಣ್ಣುಮಕ್ಕಳು ಶಾಲೆಯಲ್ಲಿ ಉಳಿದಿದ್ದಾರೆ, ಅಲ್‌ಹಮ್ದುಲಿಲ್ಲಾಹ್. ಆದರೆ ಮೌನವೂ ಮನೆಯಲ್ಲಿ ಉಳಿದಿದೆ.

ಹೇಳುವುದು ಯಾವಾಗ ಎಂಬ ಪ್ರಶ್ನೆಗೆ ದೇಹವೇ ಉತ್ತರ ಕೊಡುತ್ತದೆ. ಮಿದುಳಿನ ಹೈಪೋಥಲಾಮಸ್ ಎಂಬ ಭಾಗ ಒಂದು ವಯಸ್ಸಿಗೆ ಎಚ್ಚರವಾಗಿ, ಕೆಳಗಿನ ಪಿಟ್ಯುಟರಿ ಗ್ರಂಥಿಗೆ ಸೂಚನೆ ಕಳಿಸುತ್ತದೆ. ಆ ಗ್ರಂಥಿಯ ಹಾರ್ಮೋನ್‌ಗಳು ರಕ್ತದ ಮೂಲಕ ಹುಡುಗಿಯ ಅಂಡಾಶಯವನ್ನು, ಹುಡುಗನ ವೃಷಣವನ್ನು ಮುಟ್ಟುತ್ತವೆ. ಅಲ್ಲಿಂದ ಈಸ್ಟ್ರೋಜನ್, ಟೆಸ್ಟೋಸ್ಟೆರಾನ್ ಹೊರಡುತ್ತವೆ. ಹುಡುಗಿಯರಲ್ಲಿ ಇದು ಸಾಮಾನ್ಯವಾಗಿ 8ರಿಂದ 13 ವರ್ಷದ ಒಳಗೆ, ಹುಡುಗರಲ್ಲಿ 9ರಿಂದ 14ರ ಒಳಗೆ ಶುರು.

ಹುಡುಗಿಯರಲ್ಲಿ ಮೊದಲು ಕಾಣುವುದು ಹೆಚ್ಚಾಗಿ ಮುಟ್ಟಲ್ಲ, ಎದೆಯ ಬೆಳವಣಿಗೆ. ಕೆಲವೊಮ್ಮೆ ಒಂದೇ ಕಡೆ ಸಣ್ಣ ಗಂಟಿನ ಹಾಗೆ, ಮುಟ್ಟಿದರೆ ನೋವು. ಅದನ್ನು ನೋಡಿ ಗಾಬರಿಯಾಗುವ ಉಮ್ಮಂದಿರು ಇದ್ದಾರೆ. ಅದು ಸಹಜ, ಇನ್ನೊಂದು ಕಡೆ ಸ್ವಲ್ಪ ತಡವಾಗಿ ಬರುತ್ತದೆ. ಆಮೇಲೆ ಕೂದಲು, ಎತ್ತರ, ಬಿಳಿ ಸ್ರಾವ. ಎದೆ ಬೆಳೆಯಲು ಶುರುವಾಗಿ ಸುಮಾರು ಎರಡು, ಎರಡೂವರೆ ವರ್ಷಕ್ಕೆ ಮೊದಲ ಮುಟ್ಟು. ಅಂದರೆ ದೇಹ ನಮಗೆ ಎರಡು ವರ್ಷದ ನೋಟಿಸ್ ಕೊಡುತ್ತದೆ. ಮಾತಾಡಬೇಕಾದ್ದು ಆ ಎರಡು ವರ್ಷದ ಆರಂಭದಲ್ಲಿ, ಕೊನೆಯಲ್ಲಿ ಅಲ್ಲ.

ಏನು ಹೇಳುವುದು? ಇಷ್ಟು ಸಾಕು: "ಮೋಳೇ, ಒಂದು ದಿನ ರಕ್ತ ಕಾಣ್ತದೆ. ಅದು ಕಾಯಿಲೆ ಅಲ್ಲ. ನನಗೂ ಆಗ್ತದೆ. ಶಾಲೆಯಲ್ಲಿ ಆದ್ರೆ ಟೀಚರಿಗೆ ಹೇಳು." ಪ್ಯಾಡ್ ಇಡುವುದನ್ನು, ನಾಲ್ಕರಿಂದ ಆರು ಗಂಟೆಗೊಮ್ಮೆ ಬದಲಿಸುವುದನ್ನು ತೋರಿಸಿ ಕೊಡಿ. ಬಟ್ಟೆ ಬಳಸುವವರು ಸೋಪು ಹಾಕಿ ಒಗೆದು ಬಿಸಿಲಲ್ಲೇ ಒಣಗಿಸಬೇಕು. ಕತ್ತಲೆ ಮೂಲೆಯಲ್ಲಿ ಮುಚ್ಚಿಟ್ಟ ಒದ್ದೆ ಬಟ್ಟೆಯಿಂದಲೇ ತುರಿಕೆ, ಸೋಂಕು. ಮುಟ್ಟಿನಲ್ಲಿ ಸ್ನಾನ ಮಾಡಬಾರದು ಎಂಬ ಮಾತಿಗೆ ವೈದ್ಯಕೀಯದಲ್ಲಿ ಆಧಾರ ಇಲ್ಲ. ಮೊದಲ ಒಂದೆರಡು ವರ್ಷ ಮುಟ್ಟು ಹಿಂದೆ ಮುಂದೆ ಆಗುವುದು ಉಂಟು, 21ರಿಂದ 45 ದಿನದ ಅಂತರ ಈ ವಯಸ್ಸಿನಲ್ಲಿ ಸಹಜ.

ಹುಡುಗರ ವಿಷಯದಲ್ಲಿ ನಮ್ಮ ಮೌನ ಇನ್ನೂ ಗಟ್ಟಿ. ಅವರಲ್ಲಿ ಮೊದಲ ಬದಲಾವಣೆ ವೃಷಣ ದೊಡ್ಡದಾಗುವುದು, ಅದು ಮನೆಯವರಿಗೆ ಕಾಣುವುದಿಲ್ಲ. ಆಮೇಲೆ ಸ್ವರ ಒಡೆಯುತ್ತದೆ, ಮೊಡವೆ ಬರುತ್ತದೆ, ಒಂದೇ ವರ್ಷದಲ್ಲಿ ಪ್ಯಾಂಟು ಗಿಡ್ಡ ಆಗುತ್ತದೆ. ನಿದ್ರೆಯಲ್ಲಿ ವೀರ್ಯ ಹೋಗುತ್ತದೆ. ಅದನ್ನು ಕಾಯಿಲೆ ಅಂತ ತಿಳಿದು ಒಳಗೊಳಗೇ ಕೊರಗುವ ಹುಡುಗರು ಗೋಡೆಯ ಮೇಲಿನ 'ಗುಪ್ತ ರೋಗ' ಜಾಹೀರಾತಿನ ನಂಬರಿಗೆ ಫೋನ್ ಮಾಡುತ್ತಾರೆ. ಇಲ್ಲದಿದ್ದರೆ ಮೊಬೈಲಿನಲ್ಲಿ ಕಂಡದ್ದನ್ನೇ ಪಾಠ ಅಂದುಕೊಳ್ಳುತ್ತಾರೆ. ಅನೇಕ ಹುಡುಗರಿಗೆ ಈ ವಯಸ್ಸಿನಲ್ಲಿ ಎದೆ ಸ್ವಲ್ಪ ಉಬ್ಬುವುದೂ ಉಂಟು. ಹಾರ್ಮೋನಿನ ಏರುಪೇರಿನಿಂದ ಆಗುವ ಅದು ಸಾಮಾನ್ಯವಾಗಿ ಒಂದೆರಡು ವರ್ಷದಲ್ಲಿ ತಾನೇ ಇಳಿಯುತ್ತದೆ. ಗೆಳೆಯರ ಲೇವಡಿಗೆ ಹೆದರಿ ಆಟಕ್ಕೇ ಹೋಗದ ಹುಡುಗನಿಗೆ ಉಪ್ಪನ ಒಂದು ಮಾತು ಸಾಕಾಗುತ್ತಿತ್ತು.

ಮದ್ರಸಾದಲ್ಲಿ ಉಸ್ತಾದರು ಬಾಲಿಗ್ ಆದವರಿಗೆ ನಮಾಝ್ ಕಡ್ಡಾಯ, ಗುಸ್ಲ್ ಕಡ್ಡಾಯ ಎಂದು ಕಲಿಸುತ್ತಾರೆ. ಆದರೆ ಬಾಲಿಗ್ ಆದದ್ದು ಹೇಗೆ ಗೊತ್ತಾಗುತ್ತದೆ ಎಂಬುದು ಮಗುವಿಗೆ ತಿಳಿಯದಿದ್ದರೆ ಆ ಪಾಠ ಅರ್ಧವೇ. ಇದೆಲ್ಲ ನಾಚಿಕೆಯ ಮಾತು ಎನ್ನುವವರು ಉಮ್ಮು ಸುಲೈಮ್ ಅವರನ್ನು ನೆನಪಿಸಿಕೊಳ್ಳಲಿ. ಹೆಣ್ಣಿಗೆ ಕನಸಿನಲ್ಲಿ ಸ್ಖಲನವಾದರೆ ಗುಸ್ಲ್ ಬೇಕೇ ಎಂದು ಅವರು ಪ್ರವಾದಿಯವರನ್ನೇ (ಸ) ನೇರ ಕೇಳಿದರು, ಉತ್ತರವನ್ನೂ ಪಡೆದರು. ದೀನನ್ನು ಕಲಿಯಲು ಅನ್ಸಾರಿ ಮಹಿಳೆಯರಿಗೆ ನಾಚಿಕೆ ಅಡ್ಡಿಯಾಗಲಿಲ್ಲ ಎಂದು ಹಝ್ರತ್ ಆಯಿಶಾ (ರ) ಅವರನ್ನು ಹೊಗಳಿದ್ದಾರೆ. ಹಯಾ ಬೇರೆ, ಮಗುವನ್ನು ಕತ್ತಲೆಯಲ್ಲಿ ಇಡುವುದು ಬೇರೆ.

ಈ ವಯಸ್ಸಿನಲ್ಲಿ ಇನ್ನೊಂದು ನಷ್ಟ ಕಣ್ಣಿಗೆ ಕಾಣದೆ ಆಗುತ್ತದೆ, ರಕ್ತಹೀನತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ. 59.1 ಮಂದಿಗೆ, ಹುಡುಗರಲ್ಲಿ ಶೇ. 31.1 ಮಂದಿಗೆ ರಕ್ತಹೀನತೆ. ಸುಸ್ತು, ಓದಿನಲ್ಲಿ ಮನಸ್ಸಿಲ್ಲ ಅಂತ ನಾವು ಬೈಯುವ ಮಗುವಿಗೆ ರಕ್ತವೇ ಕಮ್ಮಿ ಇರಬಹುದು. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆ ಕಬ್ಬಿಣಾಂಶದ್ದು. ಅದರ ಬಗ್ಗೆ ವಾಟ್ಸಾಪ್‌ನಲ್ಲಿ ಬಂದ ಕಥೆ ನಂಬಿ ಎಸೆಯಲು ಹೇಳಬೇಡಿ. ಮಲ ಕಪ್ಪಗಾಗುವುದು ಸಹಜ. ಊಟ ಮಾಡಿ ತೆಗೆದುಕೊಂಡರೆ ಹೊಟ್ಟೆ ತೊಳಸುವುದು ಕಮ್ಮಿ. ಮನೆಯಲ್ಲಿ ಬಸಳೆ, ದಂಟಿನ ಸೊಪ್ಪು, ರಾಗಿ, ಹುರುಳಿ, ಬೂತಾಯಿ, ಲಿವರ್ ಇರಲಿ, ಮೇಲೆ ಒಂದು ಹೋಳು ಲಿಂಬೆ. ಊಟದ ಜೊತೆ ಚಹಾ ಬೇಡ, ಅದು ಕಬ್ಬಿಣಾಂಶ ಒಳಗೆ ಸೇರುವುದನ್ನು ತಡೆಯುತ್ತದೆ.

ಡಾಕ್ಟರಿಗೆ ತೋರಿಸಬೇಕಾದದ್ದು ಯಾವಾಗ? ಹುಡುಗಿಗೆ 8ಕ್ಕಿಂತ, ಹುಡುಗನಿಗೆ 9ಕ್ಕಿಂತ ಮೊದಲೇ ಬದಲಾವಣೆ ಕಂಡರೆ. ಹುಡುಗಿಗೆ 13 ಆದರೂ ಎದೆ ಬೆಳೆಯದಿದ್ದರೆ, 15 ಆದರೂ ಮುಟ್ಟಾಗದಿದ್ದರೆ. ಹುಡುಗನಿಗೆ 14 ಆದರೂ ಯಾವ ಲಕ್ಷಣವೂ ಇಲ್ಲದಿದ್ದರೆ. ರಕ್ತಸ್ರಾವ ಏಳು ದಿನ ದಾಟಿದರೆ, ಒಂದೆರಡು ಗಂಟೆಗೇ ಪ್ಯಾಡ್ ತುಂಬಿದರೆ, ನೋವಿಗೆ ತಿಂಗಳು ತಿಂಗಳೂ ಶಾಲೆ ತಪ್ಪಿದರೆ. 2014ರಲ್ಲಿ ಶುರುವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದಡಿ ನಮ್ಮ ರಾಜ್ಯದ ಸರಕಾರಿ ಆಸ್ಪತ್ರೆಗಳಲ್ಲಿ 10ರಿಂದ 19 ವರ್ಷದವರಿಗಾಗಿ 'ಸ್ನೇಹ ಕ್ಲಿನಿಕ್'ಗಳಿವೆ. ಹತ್ತಿರದ್ದು ಎಲ್ಲಿದೆ, ಯಾವ ದಿನ ಎಂದು ನಿಮ್ಮ ಬೀದಿಯ ಆಶಾ ಕಾರ್ಯಕರ್ತೆಯನ್ನು ಕೇಳಿ. ಮಗು ಊಟ ಬಿಟ್ಟು, ಮಾತು ಬಿಟ್ಟು ಮಂಕಾಗಿದ್ದರೆ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಬಹುದು, ಹಣ ಬೇಡ.

ಕೊನೆಗೊಂದು ಮಾತು. ಮುಟ್ಟಾಯಿತು ಎಂದರೆ ಮದುವೆಗೆ ಸಿದ್ಧ ಎಂದಲ್ಲ. ಸೊಂಟದ ಎಲುಬು, ರಕ್ತ, ಮನಸ್ಸು ಎಲ್ಲವೂ ಇನ್ನೂ ಬೆಳೆಯುತ್ತಿರುವ ಕಾಲ ಅದು. 18ರ ಮೊದಲು ಮದುವೆಗೆ ಕಾನೂನೂ ಒಪ್ಪುವುದಿಲ್ಲ.

ನಮ್ಮ ಬೀದಿಯ ಆ ಹುಡುಗಿ ಬಿಟ್ಟುಹೋದ ಉಪವಾಸಗಳನ್ನು ಉಮ್ಮನ ಜೊತೆಗೇ ಕೂತು ಖಝಾ ತೀರಿಸಿದಳು. ಈಗ ಶಾಲೆಯ ಚೀಲದ ಒಳಜೇಬಿನಲ್ಲಿ ಎರಡು ಪ್ಯಾಡ್, ಒಂದು ಜೊತೆ ಒಳಬಟ್ಟೆ ಸದಾ ಇರುತ್ತದೆ. ಅವಳ ತಮ್ಮನಿಗೆ ಹತ್ತು ತುಂಬಿತು. "ಅವನಿಗೆ ಯಾರು ಹೇಳುವುದು?" ಎಂದು ಉಮ್ಮ ಕೇಳಿದಾಗ, ಬೇಕರಿ ಮುಚ್ಚಿ ಬಂದ ಉಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರಂತೆ. ಆಮೇಲೆ ಅಂದರಂತೆ: "ಈ ಶುಕ್ರವಾರ ಜುಮಾ ಮುಗಿಸಿ ಬರುವಾಗ ನಾನೇ ಹೇಳ್ತೇನೆ."